ರೇಂಜ್ ಇರಲ್ಲ ಅಂದುಬಿಟ್ಟರೆ ಮಾತು ಮುಗಿಯಿತಾ?

ಕೋಪ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ಮೇಲಿನ ಮನೆಯ ಅಕ್ಕನ ವಿಷಯ ನಿಮಗೆ ಹೇಳುತ್ತಲೇ ಇರುತ್ತೇನಲ್ಲ? ಕಾರ್ಕಳದ ಕಡೆಯವರು, ಮಳೆಗಾಲ ಬಂದರೆ ಇಡೀ ಮಹಡಿಗೆ ಪತ್ರೊಡೆ ಹಂಚುವವರು. ಅವರ ಮಗ ಆಫೀಸಿನ ಗೆಳೆಯರ ಜತೆ ಕುದುರೆಮುಖ ಹತ್ತಲು ಹೋಗಿದ್ದ. ಹೊರಡುವಾಗ ತಾಯಿಗೆ ಹೇಳಿದ್ದು ಇಷ್ಟು: "ಅಮ್ಮ, ಅಲ್ಲಿ ನೆಟ್‌ವರ್ಕ್ ಇರಲ್ಲ. ಲೈವ್ ಲೊಕೇಶನ್ ಹಾಕಿರ್ತೀನಿ, ನೋಡ್ಕೋ."

ಶನಿವಾರ ಸಂಜೆ ಬೆಟ್ಟ ಇಳಿದು ಫೋನ್ ಮಾಡಬೇಕಿದ್ದವನು ಮಾಡಲಿಲ್ಲ. ರಾತ್ರಿಯೂ ಇಲ್ಲ. ಭಾನುವಾರ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಅಕ್ಕ ನಮ್ಮ ಮನೆ ಬೆಲ್ ಒತ್ತಿದರು. ಕೈಯಲ್ಲಿ ಫೋನ್. ಅದರಲ್ಲಿ ಮ್ಯಾಪ್, ಮ್ಯಾಪಿನ ಮೇಲೆ ಮಗನ ಮುಖ ಇರುವ ಸಣ್ಣ ಚುಕ್ಕಿ. ಅದು ಬಾಳೆಗಲ್ ಹತ್ತಿರ ರಸ್ತೆ ಮೇಲೆ ನಿಂತುಬಿಟ್ಟಿದೆ. "ಇಲ್ಲೇ ನಿಂತಿದೆ ನೋಡು, ಆಮೇಲೆ ಅಲ್ಲಾಡ್ಲೇ ಇಲ್ಲ. ಗಾಡಿಗೆ ಏನಾದ್ರೂ ಆಗಿದ್ಯಾ? ನೀನು ಕಳಸದವಳಲ್ವಾ, ಯಾರಿಗಾದ್ರೂ ಫೋನ್ ಮಾಡು ಮಾರಾಯ್ತಿ." ರಾತ್ರಿಯಿಡೀ ಆ ಚುಕ್ಕಿಯನ್ನೇ ನೋಡುತ್ತ ಕೂತಿದ್ದರಂತೆ. ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು.

ಕಳಸದಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆಗಳನ್ನೇ. "ಯಾವ ಹೋಮ್‌ಸ್ಟೇ ಅಕ್ಕಾ? ಸಂಸೆ ಕಡೇದಾ, ಮುಳ್ಳೋಡೀದಾ? ಜೀಪ್ ಯಾರ್ದು? ಗೈಡ್ ಯಾರು?" ನಾನು ಅಕ್ಕನ ಮುಖ ನೋಡಿದೆ. ಅವರಿಗೆ ಒಂದೂ ಗೊತ್ತಿಲ್ಲ. ಜತೆಗೆ ಹೋದ ಹುಡುಗರ ಮನೆ ಎಲ್ಲಿ, ಅವರ ಅಪ್ಪ ಅಮ್ಮನ ನಂಬರ್ ಏನು, ಅದೂ ಗೊತ್ತಿಲ್ಲ. "ಆಫೀಸಿನ ಹುಡುಗರು ಅಂದ" ಅಂತ ಮಾತ್ರ ಹೇಳಿದರು. ಹೇಳುವಾಗ ಅವರಿಗೇ ನಾಚಿಕೆಯಾದಂತೆ ಕಂಡಿತು. ಅವರು ಯಾಕೆ ನಾಚಬೇಕು? ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ನನ್ನ ತಮ್ಮ ಜೀಪಿನವರನ್ನು ಒಬ್ಬೊಬ್ಬರನ್ನೇ ವಿಚಾರಿಸಿ ಮಧ್ಯಾಹ್ನದ ಹೊತ್ತಿಗೆ ಪತ್ತೆ ಮಾಡಿದ. ಏನೂ ಆಗಿರಲಿಲ್ಲ. ಮಳೆಗೆ ಮುಳ್ಳೋಡಿ ದಾರಿಯಲ್ಲಿ ಜೀಪ್ ಹೂತುಕೊಂಡಿತ್ತು, ಹೋಮ್‌ಸ್ಟೇಗೆ ಬರುವಾಗ ತಡವಾಯಿತು, ಉಂಡು ಮಲಗಿದರು, ಬೆಳಿಗ್ಗೆ ಎದ್ದದ್ದೂ ತಡವಾಗಿ. ದೇವರು ದೊಡ್ಡವನು. ಆದರೆ ಕೊನೆಗೆ ಕಳಸ ಪೇಟೆಯಿಂದ ಫೋನ್ ಮಾಡಿದವನು ತಾಯಿಗೆ ಹೇಳಿದ್ದೇನು ಗೊತ್ತಾ? "ನಾನು ಮೊದ್ಲೇ ಹೇಳಿದ್ನಲ್ಲಮ್ಮ, ನೆಟ್‌ವರ್ಕ್ ಇರಲ್ಲ ಅಂತ."

ಈ ಮಾತಿಗೇ ನನ್ನ ಸಿಟ್ಟು. ನೆಟ್‌ವರ್ಕ್ ಇರಲ್ಲ ಅಂದುಬಿಟ್ಟರೆ ಹೇಳಬೇಕಾದ್ದೆಲ್ಲ ಹೇಳಿದಂತಾಯಿತು ಅಂದುಕೊಳ್ಳುತ್ತಾರಲ್ಲ, ಅದಕ್ಕೆ. ಅಲ್ಲಿಂದಲೇ ಹೇಳಬೇಕಾದ್ದು ಶುರುವಾಗುವುದು.

ಕುದುರೆಮುಖ ನೋಡದವರಿಗೆ ಒಂದು ಮಾತು. ಅದು 1987ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಕಾಡು. ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಹರಡಿಕೊಂಡಿದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಅಲ್ಲೇ. ಬೆಟ್ಟದ ತುದಿ ಸುಮಾರು 1,890 ಮೀಟರ್. ಮೇಲೆ ಹುಲ್ಲುಗಾವಲು, ಕಣಿವೆಯ ಸಂದಿಯಲ್ಲಿ ಶೋಲಾ ಕಾಡು, ದಾರಿಯುದ್ದಕ್ಕೂ ಹಳ್ಳಗಳು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ಮಳೆ ಹೊಡೆದರೆ ಮೊಣಕಾಲಿಗೆ ಬರುತ್ತದೆ. ಮಂಜು ಇಳಿದರೆ ಮುಂದೆ ನಡೆಯುವವನ ಬೆನ್ನು ಕಾಣುವುದಿಲ್ಲ. ಹೀಗಿರುವಾಗ ಹೇಳಿದ ಹೊತ್ತಿಗೆ ಸರಿಯಾಗಿ ಯಾರೂ ಇಳಿದು ಬರುವುದಿಲ್ಲ. ತಡ ಆಗಿಯೇ ಆಗುತ್ತದೆ. ಕಳಸದವರಿಗೆಲ್ಲ ಇದು ಗೊತ್ತು. ಡೊಂಬಿವಲಿಯಲ್ಲಿ ಕೂತ ತಾಯಿಗೆ ಯಾರು ಹೇಳಬೇಕು?

ಅರಣ್ಯ ಇಲಾಖೆಯವರು ಕೇಳಿದರೆ ಮಾತ್ರ ಈ ಹುಡುಗರು ಎಲ್ಲ ವಿವರ ಕೊಡುತ್ತಾರೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಹಾಗಾಗಿ ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಹೆಸರು, ಗುರುತಿನ ಚೀಟಿ ಎಲ್ಲ ತುಂಬುತ್ತಾರೆ. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆಸುತ್ತಾರೆ. ಕತ್ತಲಾಗುವ ಮೊದಲು ಇಳಿಯಬೇಕು ಅಂದರೆ ತಲೆ ಆಡಿಸುತ್ತಾರೆ. ಗುರುತಿಲ್ಲದ ಗಾರ್ಡಿಗೆ ಇಷ್ಟು ವಿವರ ಕೊಡುವವರು ಹೆತ್ತವಳಿಗೆ ಹೋಮ್‌ಸ್ಟೇ ಹೆಸರು ಹೇಳಬಾರದಾ?

ನಮ್ಮಪ್ಪನ ವಿಷಯ ಹೇಳದೆ ಇರೋಕಾಗಲ್ಲ. ಹಳಬರಿಗೆ ಗೊತ್ತು, ನಮ್ಮದು ಕಳಸ ಪೇಟೆ, ತೋಟ ಹೊರನಾಡಿನ ಕಡೆ. ಮಧ್ಯೆ ಭದ್ರೆ. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಆಚೆಯವರು ಆಚೆ, ಈಚೆಯವರು ಈಚೆ. ಮನೆಯಲ್ಲಿ ಫೋನ್ ಇರಲಿಲ್ಲ. ಅಪ್ಪ ತೋಟಕ್ಕೆ ಹೊರಡುವಾಗ ಕೊಡೆ ಬಿಚ್ಚುತ್ತಾ ಅಮ್ಮನಿಗೆ ಹೇಳುತ್ತಿದ್ದರು: "ಸಂಜೆ ಬರ್ತೀನಿ. ಸೇತುವೆ ಮುಳುಗಿದ್ರೆ ಅಕ್ಕನ ಮನೇಲಿ ಉಳೀತೀನಿ. ನಾಳೆ ಮಧ್ಯಾಹ್ನದ ಊಟದವರೆಗೂ ತಲೆ ಕೆಡಿಸ್ಕೋಬೇಡ. ಅಷ್ಟೊತ್ತಿಗೂ ಬರ್ಲಿಲ್ಲ ಅಂದ್ರೆ ಪೇಟೆ ಅಂಗಡಿಯವರಿಗೆ ಹೇಳು, ಆ ಕಡೆಯಿಂದ ಬಂದವರನ್ನ ವಿಚಾರಿಸ್ತಾರೆ." ರಾತ್ರಿ ಹೊಳೆ ಮೊರೆಯುವುದು ನಮ್ಮ ಜಗಲಿಗೆ ಕೇಳುತ್ತಿತ್ತು. ಅಮ್ಮ ಅನ್ನಕ್ಕೆ ನೀರು ಹಾಕಿಟ್ಟು ನಮ್ಮ ಪಕ್ಕ ಮಲಗಿ ನಿದ್ದೆ ಮಾಡುತ್ತಿದ್ದರು. ನಿಜವಾದ ನಿದ್ದೆ. ಅಮ್ಮನಿಗೆ ಧೈರ್ಯ ಜಾಸ್ತಿ ಇತ್ತು ಅಂತಲ್ಲ, ಮಿಂಚಿದರೂ ಹೆದರುವವರು. ಆದರೆ ಯಾವಾಗಿನಿಂದ ಹೆದರಬೇಕು ಅಂತ ಅಪ್ಪ ಹೇಳಿ ಹೋಗಿರುತ್ತಿದ್ದರು.

ಈ ಎರಡನೆಯ ಹೊತ್ತನ್ನು ಈಗ ಯಾರೂ ಹೇಳುವುದಿಲ್ಲ. "ಶನಿವಾರ ಸಂಜೆ ಫೋನ್ ಮಾಡ್ತೀನಿ" ಅಂತ ಹೇಳಿದರೆ ಶನಿವಾರ ಸಂಜೆ ಆರರಿಂದಲೇ ತಾಯಿಯ ಎದೆ ಹೊಡೆದುಕೊಳ್ಳಲು ಶುರು. "ಶನಿವಾರ ಸಂಜೆ ಇಳೀತೀವಿ. ಮಳೆ ಬಂದ್ರೆ, ಜೀಪ್ ಸಿಗದಿದ್ರೆ ಅಲ್ಲೇ ಉಳೀತೀವಿ. ಭಾನುವಾರ ಮಧ್ಯಾಹ್ನ ಒಂದು ಗಂಟೆವರೆಗೂ ಸುದ್ದಿ ಬರದಿದ್ರೂ ಸರಿಯಾಗೇ ಇದ್ದೀವಿ ಅಂತ ತಿಳ್ಕೋ. ಅದಾದ್ಮೇಲೆ ಈ ನಂಬರಿಗೆ ಫೋನ್ ಮಾಡು." ಹೀಗೆ ಹೇಳಿದ್ದಿದ್ದರೆ ಅಕ್ಕ ಆ ರಾತ್ರಿ ಮಲಗುತ್ತಿದ್ದರು. ಅಷ್ಟೇ ಅಲ್ಲ, ನಿಜಕ್ಕೂ ಏನಾದರೂ ಆಗಿದ್ದರೆ ಎಲ್ಲಿ ಹುಡುಕಬೇಕು ಅಂತ ನಮಗೆ ಗೊತ್ತಿರುತ್ತಿತ್ತು. ನಾವು ಅವತ್ತು ಅರ್ಧ ದಿನ ಕಳೆದದ್ದು ಅವನು ಯಾವ ಮನೆಯಲ್ಲಿ ಉಳಿದಿದ್ದಾನೆ ಅಂತ ತಿಳಿಯಲು. ಕಾಲು ಮುರಿದು ಬಿದ್ದವನಿಗೆ ಅರ್ಧ ದಿನ ಅಂದರೆ ಎಷ್ಟು, ಯೋಚಿಸಿ.

ಇನ್ನೊಂದು ನೆನಪು. ಮುಂಬೈಯವರು ಯಾರೂ ಮರೆಯದ್ದು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಲೋಕಲ್ ನಿಂತವು, ಮೊಬೈಲ್ ಸತ್ತವು. ನಮ್ಮವರು ಆಫೀಸಿನಿಂದ ಹೊರಟಿದ್ದಾರೋ ಇಲ್ಲವೋ ತಿಳಿಯದೆ ನಾನು ಕಿಟಕಿ ಸರಳು ಹಿಡಿದು ನಿಂತೇ ಬೆಳಗು ಮಾಡಿದೆ. ಮರುದಿನ ಅವರು ಸೊಂಟದ ತನಕ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತಾಗ ನನಗೆ ಮಾತು ಬರಲಿಲ್ಲ. ಇಷ್ಟು ವರ್ಷವಾದರೂ ಹೇಳಿದ ಹೊತ್ತಿಗೆ ಮನೆಯವರ ಫೋನ್ ಬರದಿದ್ದರೆ ನನ್ನ ಕೈ ತಣ್ಣಗಾಗುತ್ತದೆ. ಅವತ್ತು ಫೋನ್ ಕೈಕೊಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಯಾರನ್ನೂ ದೂರುವಂತಿಲ್ಲ. ಕುದುರೆಮುಖಕ್ಕೆ ಹೋಗುವವನಿಗೆ ಬುಕ್ ಮಾಡಿದ ದಿನವೇ ಗೊತ್ತು. ಗೊತ್ತಿದ್ದೂ ಒಂದು ಚೀಟಿ ಬರೆದಿಡುವುದಿಲ್ಲ ಅಂದರೆ ಏನು ಹೇಳೋಣ?

"ಅಕ್ಕಾ, ಕಾಡಿಗೆ ಹೋಗೋದೇ ಫೋನ್ ಕಾಟ ತಪ್ಪಿಸ್ಕೊಳ್ಳೋಕೆ" ಅಂತ ಕೆಲವರು ಹೇಳುತ್ತೀರಿ, ಗೊತ್ತು. ತಪ್ಪಿಸಿಕೊಳ್ಳಿ. ಸಂತೋಷ. ಫೋನ್ ಬ್ಯಾಗಿನ ತಳಕ್ಕೆ ಹಾಕಿ, ಬೆಟ್ಟ ನೋಡಿ, ಮುಗಿಲು ನೋಡಿ. ನಾನು ಗಂಟೆಗೊಂದು ಸಲ ಮನೆಗೆ ಫೋನ್ ಮಾಡಿ ಅನ್ನುತ್ತಿಲ್ಲ. ಹೊರಡುವ ಮೊದಲು ಹೇಳಿ ಹೋಗಿ ಅನ್ನುತ್ತಿದ್ದೇನೆ. ಹೇಳಿ ಹೋದವನೇ ನಿಜಕ್ಕೂ ಫೋನ್ ಮರೆತು ಆರಾಮವಾಗಿ ನಡೆಯಬಹುದು. ಹೇಳದೆ ಹೋದವನು ಪ್ರತಿ ತಿರುವಿನಲ್ಲೂ ಒಂದು ಕಡ್ಡಿ ಸಿಗ್ನಲ್ ಸಿಗುತ್ತದಾ ಅಂತ ಕೈ ಮೇಲೆತ್ತಿಕೊಂಡು ನಿಲ್ಲುತ್ತಾನೆ.

ಲೈವ್ ಲೊಕೇಶನ್ ನಂಬಿ ಕೂರುವವರಿಗೆ: ರೇಂಜ್ ಹೋದ ಕಡೆ ಆ ಚುಕ್ಕಿ ನಿಂತುಬಿಡುತ್ತದೆ. ವಾಟ್ಸಾಪಿನಲ್ಲಿ ಹೆಚ್ಚೆಂದರೆ 8 ಗಂಟೆ ಹಾಕಬಹುದು, ಆಮೇಲೆ ತಾನೇ ಮುಗಿಯುತ್ತದೆ. ನಿಂತ ಚುಕ್ಕಿ ನೋಡಿದ ಮನೆಯವರಿಗೆ ಅಪಘಾತ ಅಂತಲೇ ಅನಿಸುವುದು. ಅದಕ್ಕಿಂತ ಹಳೇ ಎಸ್ಸೆಮ್ಮೆಸ್ ಎಷ್ಟೋ ವಾಸಿ. ಅದಕ್ಕೆ ಡೇಟಾ ಬೇಡ. ಒಂದು ಕಡ್ಡಿ ಬಂದು ಹೋದರೂ ಸಾಕು, ಎಷ್ಟೋ ಸಲ ಹೋಗಿಬಿಡುತ್ತದೆ. ಈ ಕಡೆಯವರ ಫೋನ್ ಆಫ್ ಇದ್ದರೂ ಕಂಪನಿಯ ಸರ್ವರಿನಲ್ಲಿ ಕಾದಿದ್ದು ಆಮೇಲೆ ತಲುಪುತ್ತದೆ. ಚಿಕ್ಕದಾಗಿ ಬರೆಯಿರಿ. ಕನ್ನಡದಲ್ಲಿ ಬರೆದರೆ ಒಂದು ಮೆಸೇಜಿಗೆ 70 ಅಕ್ಷರ, ಗುಣಿತ ಒತ್ತು ಎಲ್ಲ ಲೆಕ್ಕಕ್ಕೆ. "ಇಳಿದೆವು, ಎಲ್ಲ ಸರಿ" ಅನ್ನಲು ಅಷ್ಟು ಸಾಲದಾ? ರೇಂಜ್ ಇಲ್ಲದ ಕಡೆ ಫೋನ್ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಸಿಕೊಳ್ಳುತ್ತದೆ, ಅದಕ್ಕೆ ಏರೋಪ್ಲೇನ್ ಮೋಡಿನಲ್ಲಿಡಿ. ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಜಿಪಿಎಸ್ ಆಗಲೂ ನಡೆಯುತ್ತದೆ. ಆಪತ್ತಿಗೆ 112 ಇದೆ. ನಿಮ್ಮ ಸಿಮ್ಮಿನ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯದು ಸಿಕ್ಕರೆ ಆ ಕರೆ ಹೋಗುತ್ತದೆ. ಯಾವ ಟವರೂ ಇಲ್ಲದ ಕಣಿವೆಯಲ್ಲಿ ಅದೂ ಇಲ್ಲ.

ನಮ್ಮ ಸಂಘದ ಒಬ್ಬರು ಪರದೇಶದಿಂದ ಸ್ಯಾಟಲೈಟ್ ಫೋನ್ ತರಿಸಿದರಾಯಿತು ಅಂದರು. ದಯವಿಟ್ಟು ಬೇಡ. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಥುರಾಯಾ, ಇರಿಡಿಯಂ ಅಂತೂ ಪೂರ್ತಿ ನಿಷೇಧ. 26/11ಕ್ಕೆ ಬಂದವರ ಕೈಯಲ್ಲಿ ಇದ್ದದ್ದು ಥುರಾಯಾ ಫೋನ್. ಮುಂಬೈಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

"ಹಾಗಾದ್ರೆ ಅಲ್ಲೊಂದು ಟವರ್ ಹಾಕ್ಲಿ" ಅನ್ನುವವರಿಗೂ ಉತ್ತರ ಇದೆ. ಅಲ್ಲಿ ಬದುಕುವವರಿಗೆ ಟವರ್ ಬೇಕು, ಖಂಡಿತ ಬೇಕು. ಕೊರೊನಾ ಹೊತ್ತಿನಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕೊಡೆ ಹಿಡಿದು ಕೂತದ್ದನ್ನು ಎಲ್ಲರೂ ನೋಡಿದ್ದೀರಿ. ಹೆರಿಗೆ ನೋವಿಗೆ, ಹಾವು ಕಚ್ಚಿದ್ದಕ್ಕೆ ಫೋನ್ ಬೇಡವಾ? ಅದು ಅವರ ಹಕ್ಕಿನ ಜಗಳ, ನಾನು ಅವರ ಜತೆಗಿದ್ದೇನೆ. ಆದರೆ ವಾರದ ಕೊನೆಗೆ ಬಂದು ಹೋಗುವವರು ಮನೆಗೆ ಹೇಳಿ ಬಾರದ ಸೋಮಾರಿತನಕ್ಕೆ ಆ ಜಗಳವನ್ನು ಅಡ್ಡ ಹಿಡಿಯಬೇಡಿ. ನಾಳೆ ಟವರ್ ಬಂದರೂ ಗಾಳಿಮಳೆಗೆ ಕರೆಂಟ್ ಹೋದರೆ ಅದೂ ಮಲಗುತ್ತದೆ.

ನಾನು ಕೇಳುವ ಚೀಟಿ ಅರ್ಧ ಹಾಳೆಯದು. ಹೋಮ್‌ಸ್ಟೇ ಹೆಸರು, ಯಜಮಾನರ ನಂಬರ್, ಲ್ಯಾಂಡ್‌ಲೈನ್ ಇದ್ದರೆ ಅದನ್ನೇ ಮೊದಲು. ಜೀಪಿನವರ ನಂಬರ್. ಯಾವ ಕಡೆಯಿಂದ ಹತ್ತುತ್ತೀರಿ. ಜತೆಗಿರುವವರ ಮನೆಯ ನಂಬರುಗಳು, ಮತ್ತು ಆ ಮನೆಗಳಿಗೂ ಇದೇ ಚೀಟಿ. ಇದನ್ನು ಜಾಸ್ತಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಅವತ್ತು ಅದೇ ಗುಂಪಿನ ಇನ್ನೊಬ್ಬ ಹುಡುಗನ ತಾಯಿ ಠಾಣೆ ಊರಿನ ತಮ್ಮ ಮನೆಯಲ್ಲಿ ಇದೇ ಥರ ಕೂತಿದ್ದರಂತೆ. ಇಬ್ಬರು ತಾಯಂದಿರು, ಹತ್ತಿರ ಹತ್ತಿರದ ರೈಲ್ವೆ ಸ್ಟೇಷನ್ನುಗಳು, ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲ. ಕೊನೆಗೆ ಆ ಎರಡು ಹೊತ್ತು: ಇಳಿಯುವ ಹೊತ್ತು, ಗಾಬರಿಯಾಗಬೇಕಾದ ಹೊತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು, ಅಕ್ಕನಂಥವರು ಮೇಲೆ ಹೋದ ಮೆಸೇಜ್ ಹುಡುಕಲಾರರು. ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಮುಂದಿನ ತಿಂಗಳು ನನ್ನ ನಾದಿನಿ ಮಗಳು ಗೆಳತಿಯರ ಜತೆ ಅದೇ ಬೆಟ್ಟಕ್ಕೆ ಹೊರಟಿದ್ದಾಳೆ. ಚೀಟಿ ಕೇಳಿದೆ. "ಅತ್ತೆ, ನೀವೂನೂ" ಅಂದಳು, ಆದರೆ ಕಳಿಸಿದಳು. ಹೋಮ್‌ಸ್ಟೇ ಇದೆ, ಗೆಳತಿಯರ ಮನೆ ನಂಬರ್ ಇದೆ, ಎರಡೂ ಹೊತ್ತು ಇದೆ. ಜೀಪಿನವರ ನಂಬರ್ ಬಿಟ್ಟಿದ್ದಾಳೆ. ಅದು ಬರುವ ತನಕ ರೈಲು ಹತ್ತಿಸುವುದಿಲ್ಲ ಅಂತ ಹೇಳಿದ್ದೇನೆ.