ಸತ್ಯಾಂಶ: ಒಂದು ರಾತ್ರಿ ನೀರು ಬಿಟ್ಟರೆ ಅಕ್ವೇರಿಯಂ ಸಿದ್ಧವೇ?

‘ಹೊಸ ಅಕ್ವೇರಿಯಂಗೆ ನೀರು ತುಂಬಿ ಒಂದು ರಾತ್ರಿ ಇಡಿ, ಬೆಳಿಗ್ಗೆ ಮೀನು ಬಿಡಿ. ವಾರಕ್ಕೊಮ್ಮೆ ನೀರೆಲ್ಲ ಚೆಲ್ಲಿ ತೊಳೆಯಿರಿ.’ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಈ ಸಲಹೆಯಲ್ಲಿ ನಿಜ ಸ್ವಲ್ಪವೇ.

ನಲ್ಲಿ ನೀರಿನ ಕ್ಲೋರಿನ್ ತೆರೆದಿಟ್ಟರೆ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ, ಒಪ್ಪೋಣ. (ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿದ ಕ್ಲೋರಮಿನ್ ಹಾಕಿದ ನೀರಾದರೆ ಅದೂ ಅಷ್ಟು ಸುಲಭವಲ್ಲ.) ಆದರೆ ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಹೆಚ್ಚಾಗಿ ಅಮೋನಿಯಾದಿಂದ. ಮೀನಿನ ಕಿವಿರಿನಿಂದಲೇ ಅದು ಹೊರಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಮೀನು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತದೆ.

ಇದನ್ನು ಅರಗಿಸುವುದು ಬ್ಯಾಕ್ಟೀರಿಯಾ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಫಿಲ್ಟರ್‌ನ ಸ್ಪಂಜು, ತಳದ ಕಲ್ಲುಗಳ ಮೇಲೆ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ಓಡುತ್ತಿರಲಿ, ಮೀನಿಲ್ಲದ ತೊಟ್ಟಿಗೇ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. ಪಕ್ಕದವರು ನಕ್ಕರೆ ನಗಲಿ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಮೊದಲು ಏರಿದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಎರಡು ಮೂರು ಮೀನು ಬಿಡಿ. ಒಂದೇ ಸಲ ಡಜನ್ ಬೇಡ.

ಇನ್ನು ವಾರದ ತೊಳೆತ. ಕಾಲು ಭಾಗ ನೀರು ಬದಲಿಸಿದರೆ ಸಾಕು. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದರೆ ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ. ತೊಟ್ಟಿಯಿಂದ ತೆಗೆದ ಹಳೆ ನೀರಿನ ಬಕೆಟ್‌ನಲ್ಲೇ ಅದನ್ನು ಎರಡು ಸಲ ಹಿಂಡಿ, ವಾಪಸ್ ಇಡಿ.