ಅರೆಬೆಂದ ಮೊಟ್ಟೆ, ಪೂರ್ತಿ ಬೆಂದ ನಾನು

ಬಿಳಿ ಗಟ್ಟಿಯಾಗಬೇಕು, ಹಳದಿ ಮಾತ್ರ ಜೇನಿನ ಹಾಗೆ ಹರಿಯಬೇಕು. ಕುದಿಯುವ ನೀರಿಗೆ ಮೊಟ್ಟೆ ಇಳಿಸಿ 6 ನಿಮಿಷ ಬಿಟ್ಟರೆ ಆಯ್ತು ಅನ್ನುತ್ತಾರೆ. ಹಾಗೆ ಹೇಳುವವರ ಮನೆ ಮುಂದೆ ಮೀನಿನ ಗಾಡಿ ಬರುವುದಿಲ್ಲ ಅಂತ ಕಾಣುತ್ತದೆ.

ಮಂಗಳೂರಿನ ನಮ್ಮ ಓಣಿಗೆ ಮೀನಿನವ ಬರುವುದೇ ನಾನು ಮೊಟ್ಟೆಯನ್ನು ನೀರಿಗೆ ಬಿಟ್ಟ ಮೇಲೆ. ಪೋಂ ಪೋಂ ಅಂತ ಹಾರ್ನ್ ಕೇಳಿದರೆ ಪಾತ್ರೆ ಹಿಡಿದು ಓಡಲೇಬೇಕು. ಬಂಗುಡೆಯ ಕಿವಿರು ಎತ್ತಿ ಕೆಂಪಗಿದೆಯಾ ನೋಡಬೇಕು. ರೇಟು ಕೇಳಿ ಎದೆ ಹಿಡಿದುಕೊಳ್ಳಬೇಕು. "ನಿನ್ನೆಯದ್ದಲ್ವಾ ಮಾರಾಯಾ ಇದು?" ಅಂತ ಕೇಳಿ ಅವನಿಂದ ಬೈಸಿಕೊಳ್ಳಬೇಕು. ಇದೆಲ್ಲ 6 ನಿಮಿಷದಲ್ಲಿ ಮುಗಿಯುತ್ತದಾ? ಒಳಗೆ ಬಂದು ಮೊಟ್ಟೆ ಕೊಯ್ದರೆ ಹಳದಿಯ ಸುತ್ತ ಹಸಿರು ಉಂಗುರ. ಜಾಸ್ತಿ ಬೆಂದಾಗ ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಹಾಗಾಗುತ್ತದೆ. ತಿಂದರೆ ಏನೂ ಆಗುವುದಿಲ್ಲ, ತಿನ್ನುವ ಆಸೆ ಮಾತ್ರ ಇರುವುದಿಲ್ಲ.

"7 ನಿಮಿಷ ಇಡು ಅಕ್ಕಾ" ಅಂತ ಬೆಂಗಳೂರಿನ ತಂಗಿ ಫೋನಿನಲ್ಲಿ ಪಾಠ ಮಾಡಿದಳು. ಅವಳಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮೊಟ್ಟೆ ಬೇಯುವುದು ಸ್ವಲ್ಪ ತಡ. ಕಡಲ ಬದಿಯ ನಮಗೆ 100 ಡಿಗ್ರಿ. ಅವಳ ಲೆಕ್ಕ ಘಟ್ಟ ಇಳಿಯುವುದಿಲ್ಲ.

ಗ್ಯಾಸ್ ಆಫ್ ಮಾಡಿದರೂ ಬಿಸಿ ಒಳಗೆ ಹೋಗುತ್ತಲೇ ಇರುತ್ತದೆ. ಹಳದಿ 70 ಡಿಗ್ರಿ ಹತ್ತಿರ ಬಂದರೆ ಮುಗೀತು, ಗಟ್ಟಿ. ಅದಕ್ಕೇ ಕೂಡಲೇ ತಣ್ಣೀರಿಗೆ ಹಾಕಬೇಕು. ಏಪ್ರಿಲಿನಲ್ಲಿ ನಮಗೆ ತಣ್ಣೀರು ಎಲ್ಲಿಂದ? ತಾರಸಿಯ ಟ್ಯಾಂಕಿನಿಂದ ಬರುವ ನೀರಲ್ಲಿ ಸೀದಾ ಸ್ನಾನ ಮಾಡಬಹುದು. ಐಸ್ ಹಾಕೋಣ ಅಂತ ಫ್ರೀಜರ್ ತೆರೆದರೆ ಟ್ರೇ ಮೇಲೆ ಬೂತಾಯಿ ಮೀನಿನ ಪ್ಯಾಕೆಟ್ ಆರಾಮಾಗಿ ಮಲಗಿದೆ. ಆ ಐಸಿನ ಪರಿಮಳ ಹೇಳಬೇಕಾ?

ಸಿಪ್ಪೆಯದು ಇನ್ನೊಂದು ಕತೆ. ಅಮ್ಮ ಪ್ರೀತಿಯಿಂದ ಕಳಿಸುವುದು ಊರ ಕೋಳಿ ಮೊಟ್ಟೆ, ಅದೂ ಆಗಷ್ಟೇ ಇಟ್ಟದ್ದು. ಅಷ್ಟು ಹೊಸತಾದರೆ ಒಳಪೊರೆ ಬಿಡುವುದೇ ಇಲ್ಲ. ಸುಲಿಯುವಾಗ ಅರ್ಧ ಬಿಳಿ ಸಿಪ್ಪೆಯ ಜೊತೆಗೇ ಹೊರಡುತ್ತದೆ. ಒಂದು ವಾರ ಹಳತಾದರೆ ಸಲೀಸು. ಆದರೆ "ಅಮ್ಮಾ, ಹಳೇದು ಕಳಿಸು" ಅಂತ ಹೇಳಲಿಕ್ಕಾಗುತ್ತದಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನವನೂ ಅಪರೂಪ. ಮಳೆಗೆ ಟ್ಯಾಂಕಿನ ನೀರೂ ತಣ್ಣಗೆ. ಇದೇ ಸಮಯ ಅಂತ ಅಂಗಡಿಯ ಮೊಟ್ಟೆ ತಂದು, ಗಡಿಯಾರದ ಎದುರೇ ನಿಂತು ಬೇಯಿಸಿದೆ. ಸಿಪ್ಪೆ ನಯವಾಗಿ ಬಂತು. ಅಂಗೈಯಲ್ಲಿಟ್ಟರೆ ಮೊಟ್ಟೆ ಮೆಲ್ಲ ಅದುರುತ್ತಿತ್ತು. ಸುಮ್ನೆ ಬಟ್ಟಲಲ್ಲಿಟ್ಟು ಉಪ್ಪು, ಕರಿಮೆಣಸಿನ ಪುಡಿ ಹುಡುಕಲಿಕ್ಕೆ ತಿರುಗಿದೆ.

ಮೀನಿಲ್ಲದ ದಿನ ನಮ್ಮಲ್ಲಿ ಮೊಟ್ಟೆ ಗಸಿ, ಅಂದರೆ ತೆಂಗಿನಕಾಯಿ ಅರೆದು ಮಾಡುವ ದಪ್ಪ ಸಾರು. ಅತ್ತೆ ಬಂದವರು ಬೆರಳಿಂದ ಒತ್ತಿ ನೋಡಿದರು. "ಎಂತದಿದು, ಬೇಯಲೇ ಇಲ್ಲವಲ್ಲ!" ಅಂದವರೇ ಕುದಿಯುತ್ತಿದ್ದ ಗಸಿಗೆ ಇಳಿಸಿಬಿಟ್ಟರು.

ಗಸಿ ಮಾತ್ರ ಭಾರೀ ಲಾಯ್ಕಾಗಿತ್ತು.