ಎರಡು ಕುದುರೆ, ಒಂದು ಗೇಣು ಹುಲ್ಲು

ನಿವೃತ್ತನಾದ ಮೇಲೆ ಪುಣೆಯ ಆಚೆ ಮಾವಳದಲ್ಲಿ ಎರಡು ಎಕರೆ ಹಿಡಿದು, ಎರಡು ಕುದುರೆ ತಂದು ಕಟ್ಟಿದೆ. "ಹುಲ್ಲು ತಾವೇ ಮೇಯ್ತಾವ. ನಾನು ಕುರ್ಚಿ ಹಾಕ್ಕೊಂಡು ನೋಡ್ತೀನಿ" ಎಂದು ಹೆಂಡತಿಗೆ ಹೇಳಿದ್ದೆ. ಅವಳು ಧಾರವಾಡದವಳು, ಏನೂ ಅನ್ನಲಿಲ್ಲ. ಸುಮ್ನೆ ನಕ್ಕಳು. ಆ ನಗುವಿನ ಅರ್ಥ ನನಗೆ ಜುಲೈನಲ್ಲಿ ತಿಳಿಯಿತು.

ಮಾವಳದ ಮಳೆ ನಿಲ್ಲುವ ಜಾತಿಯದಲ್ಲ. ಪಕ್ಕದವರು ಇಂದ್ರಾಯಣಿ ಭತ್ತದ ನಾಟಿ ಮಾಡುತ್ತಿದ್ದರು. ನನ್ನ ಹುಲ್ಲುಗಾವಲೂ ಥೇಟ್ ಹಾಗೇ ಕಾಣುತ್ತಿತ್ತು, ಸಸಿ ಒಂದು ಇರಲಿಲ್ಲ ಅಷ್ಟೇ. ಗೇಟಿನ ಬಾಯಿ, ನೀರಿನ ತೊಟ್ಟಿಯ ಸುತ್ತ, ಎರಡು ಕಡೆಯೂ ಮೊಣಕಾಲುದ್ದ ಕೆಸರು. ಒಂದು ಬೆಳಿಗ್ಗೆ ಲದ್ದಿ ತುಂಬಿದ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದೆ. ಕಾಲು ಮುಂದೆ ಬಂತು, ಗಂಬೂಟು ಅಲ್ಲೇ ಉಳಿಯಿತು. ಒಂಟಿ ಕಾಲಲ್ಲಿ ಗಾಡಿ ಹಿಡಿದು ನಿಂತಿದ್ದೆ. ನನ್ನ ಹೆಣ್ಣು ಕುದುರೆ ರಾಣಿ ಬಂದು ಗಂಬೂಟಿನೊಳಗೆ ಮೂತಿ ಹಾಕಿ ನೋಡಿದಳು, ತಿನ್ನುವಂಥದ್ದೇನೂ ಇಲ್ಲ ಅಂತ ಸೀನಿದಳು. ನನ್ನ ಮುಖಕ್ಕೆ.

ಡಾಕ್ಟರು ಬಂದು ಕುದುರೆಯ ಗೊರಸು ಎತ್ತಿ ನೋಡಿ ನನ್ನನ್ನೇ ಬೈದರು. ಹಸಿಯಲ್ಲಿ ನಿಂತರೆ ಗೊರಸು ಕೊಳೆಯುತ್ತದಂತೆ. ಮಳೆಗಾಲಕ್ಕೆ ಮುರುಮು, ಅಂದರೆ ಜಲ್ಲಿಯಂಥ ಗಟ್ಟಿ ಮಣ್ಣು, ಹಾಕಿದ ಸಣ್ಣ ಅಂಗಳ ಬೇರೆಯೇ ಬೇಕು, ಹೊಲವನ್ನು ಮೂರು ತುಂಡು ಮಾಡಿ ಸರದಿಯಂತೆ ಮೇಯಿಸಬೇಕು. "ಹುಲ್ಲು ನಾಲ್ಕು ಬೆರಳಿಗೆ ಬಂತಾ, ಕುದುರೆ ಹೊರಗೆ. ಒಂದು ಗೇಣು ಬೆಳೀತಾ, ಆಮೇಲೆ ಒಳಗೆ" ಎಂದರು. ಗೇಟಿನ ಪಕ್ಕ ಪೂಜೆಗೆಂದು ಹೆಂಡತಿ ನೆಟ್ಟಿದ್ದ ಕಣಗಿಲೆ ಗಿಡವನ್ನು ಅವರೇ ಕಿತ್ತುಹಾಕಿಸಿದರು. ಅದರ ಒಂದು ಹಿಡಿ ಎಲೆ ಸಾಕಂತೆ, ಕುದುರೆ ಸಾಯಲಿಕ್ಕೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಮುರುಮು ಹಾಕಿಸಿದೆ, ಬೇಲಿ ಕಟ್ಟಿಸಿದೆ. ರಾಣಿ ತುಟಿಯಿಂದಲೇ ಚಿಲಕ ಎತ್ತುವುದನ್ನು ಕಲಿತಳು. ಬೆಳಿಗ್ಗೆ ಆರಕ್ಕೆ ಪಕ್ಕದ ಹೊಲದವರ ಕೂಗು: "ಸಾಹೇಬ, ತುಮಚೀ ಘೋಡೀ!" ನಾಟಿ ಮಾಡಿದ ಮೂರು ಸಾಲು ಹೋಗಿತ್ತು. ನನ್ನ ಕಡೆ ಹುಲ್ಲು ಇಲ್ಲದಿದ್ದರೆ ಅದು ಇನ್ನೇನು ಮಾಡೀತು, ಅಲ್ವಾ? ಹಾಗಂತ ಅವರಿಗೆ ಹೇಳಲಿಕ್ಕಾಗಲಿಲ್ಲ, ದುಡ್ಡು ಕೊಟ್ಟೆ.

ಇನ್ನು ಲದ್ದಿ. ಒಂದು ಕುದುರೆ ದಿನಕ್ಕೆ ಸುಮಾರು 20 ಕಿಲೋ ಹಾಕುತ್ತದೆ. ಎರಡು ಕುದುರೆ, 365 ದಿನ. ಲೆಕ್ಕ ಹಾಕಿ ನೋಡಿದರೆ 14 ಟನ್ ದಾಟುತ್ತದೆ. ಗೊಬ್ಬರದ ಗುಂಡಿ ಆಗಲೇ ತುಂಬಿತ್ತು. ಪುಣೆಯ ಕೋಥ್ರೂಡಿನಲ್ಲಿ ನಮ್ಮ ಕಡೆಯ ಕಾಕಾ ಒಬ್ಬರಿದ್ದಾರೆ. "ಬಾಲ್ಕನಿ ಗಿಡಗಳಿಗೆ ಒಂದು ಚೀಲ ತಾ" ಎಂದರು. ಕೊಳೆಯಲು ಬಿಡಬೇಕು ಅನ್ನುವುದನ್ನು ಮರೆತು ಬಿಸಿಬಿಸಿಯಾಗಿಯೇ ಒಯ್ದು ಕೊಟ್ಟೆ. ನೊಣ ಬಂದವು, ಪಕ್ಕದ ಫ್ಲ್ಯಾಟಿನವರೂ ಬಂದರು. ಆ ಪಂಚಾಯ್ತಿ ಇಲ್ಲಿ ಬೇಡ.

ಗಣೇಶ ಚೌತಿಯ ಹಿಂದಿನ ದಿನ ಕಾಕೂ ಫೋನ್ ಮಾಡಿದರು, ದನಿಯಲ್ಲಿ ಖುಷಿ.

"ಏನ್ರೀ, ಕುಂಡದಾಗೆಲ್ಲಾ ಗರಿಕೆ ಎದ್ದು ನಿಂತದ! ಗಣಪ್ಪಗ ಅದನ್ನ ಏರಸ್ತೀವಿ."

ಅದು ಗರಿಕೆಯಲ್ಲ. ಕುದುರೆಗೆ ಹಾಕಿದ ಓಟ್ಸ್ ಕಾಳು. ಅರಗದೇ ಹೊರಬಿದ್ದದ್ದು ಅಲ್ಲಿ ಮೊಳೆತಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ.

"ಎಷ್ಟು ಎತ್ತರ ಆಗ್ಯದ್ರಿ ಕಾಕೂ?" ಎಂದೆ.

"ಒಂದು ಗೇಣು ದಾಟ್ಯದ ನೋಡ್ರಿ!"

ಕುದುರೆ ಬಿಡಬಹುದಿತ್ತು. ಆದರೆ ಅವರದು ನಾಲ್ಕನೇ ಮಹಡಿ, ಲಿಫ್ಟ್ ಸಣ್ಣದು.